ಮೂಲ್ಯವೃದ್ಧಿಯ ಋಣ

ಮನೆಯನ್ನು ಮಾರಿದವನು ತನಗೆ ಬಂದ ನಿಜವಾದ ಬೆಲೆಯನ್ನು ಸರಕಾರಕ್ಕೆ ತಿಳಿಸಬೇಕೆ ಎಂಬುದು ಧರ್ಮಜಿಜ್ಞಾಸೆಗೆ ತಕ್ಕ ಪ್ರಶ್ನೆಯೆಂದು ನಮ್ಮಲ್ಲಿ ಯಾರೂ ಎಣಿಸುವುದಿಲ್ಲ. ಅದು ಲೆಕ್ಕಿಗರ ಮಾತು, ದಲ್ಲಾಳಿಗಳ ಮಾತು, ಹೆಚ್ಚೆಂದರೆ ವಕೀಲರ ಮಾತು ಎಂದು ಬಿಟ್ಟುಬಿಡುತ್ತೇವೆ. ಸತ್ಯವನ್ನು ಕುರಿತು ಉಪನ್ಯಾಸ ನಡೆದರೆ ಹರಿಶ್ಚಂದ್ರನನ್ನು ನೆನೆದು ತಲೆದೂಗುತ್ತೇವೆ. ತಲೆದೂಗಿದವರೇ ಮರುದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಕ್ರಯಪತ್ರದಲ್ಲಿ ಅರ್ಧ ಬೆಲೆಯನ್ನು ಬರೆಯಿಸಿ ಬರುತ್ತಾರೆ. ನಾನೂ ಬಹುಕಾಲ ಹುಡುಗರಿಗೆ ಹರಿಶ್ಚಂದ್ರನ ಕಥೆಯನ್ನು ಹೇಳಿಕೊಟ್ಟು ಸಂಬಳ ತೆಗೆದುಕೊಂಡವನು. 2024ನೆಯ ಇಸವಿಯಲ್ಲಿ ನನ್ನ ಎರಡನೆಯ ಮನೆಯನ್ನು ಮಾರಬೇಕಾಗಿ ಬಂದಾಗ ಆ ಕಥೆಯು ಪಾಠಪುಸ್ತಕವನ್ನು ಬಿಟ್ಟು ನನ್ನ ಜಗಲಿಗೇ ಬಂದು ಕುಳಿತಿತು. ಆಗ ನನ್ನ ಮನಸ್ಸಿನಲ್ಲಿಯೂ ಮನೆಯಲ್ಲಿಯೂ ನಡೆದ ವಾದವನ್ನು, ಪಾಠಶಾಲೆಯಲ್ಲಿ ಗುರುಗಳು ಕಲಿಸಿದ ಪೂರ್ವಪಕ್ಷ ಸಿದ್ಧಾಂತಗಳ ಕ್ರಮದಲ್ಲಿ, ವಾಚಕಮಹಾಶಯರ ಮುಂದಿಡುತ್ತೇನೆ. ಇದರಲ್ಲಿ ಆತ್ಮಪ್ರಶಂಸೆಯೇನಾದರೂ ನುಸುಳಿದ್ದರೆ ಅದನ್ನು ತಳ್ಳಿ, ವಿಚಾರವನ್ನು ಮಾತ್ರ ಪರಿಗ್ರಹಿಸಬೇಕೆಂದು ಪ್ರಾರ್ಥನೆ.

ಮೊದಲು ಸಂಗತಿಯನ್ನು ಹೇಳಬೇಕು. ನಾನು ಕೆಲಸದಲ್ಲಿದ್ದ ತಾಲ್ಲೂಕು ಪಟ್ಟಣದ ಅಂಚಿನಲ್ಲಿ 2001ನೆಯ ಅಕ್ಟೋಬರಿನಲ್ಲಿ ಭವಿಷ್ಯನಿಧಿಯಿಂದ ಮುಂಗಡ ಪಡೆದು ನಾಲ್ಕು ಲಕ್ಷ ರೂಪಾಯಿಗೆ ಒಂದು ಚಿಕ್ಕ ಮನೆಯನ್ನು ಕೊಂಡೆನು. ಆಗ ಅಲ್ಲಿಗೆ ನಲ್ಲಿಯ ನೀರಿಲ್ಲ. ಸಂಜೆಯಾದ ಮೇಲೆ ದೀಪವಿಲ್ಲ. ಮಳೆಗಾಲದಲ್ಲಿ ಬೀದಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕಾಗಿತ್ತು. ಮುಂದೆ ಹೆದ್ದಾರಿಯು ಅಗಲವಾಯಿತು. ಕುಡಿಯುವ ನೀರಿನ ಕೊಳವೆ ಬಂದಿತು. ಸರಕಾರಿ ಕಾಲೇಜು ಆ ಕಡೆಗೇ ಬಂದಿತು. ಅದರ ಹಿಂದೆ ಅಂಗಡಿಗಳು ಬಂದವು. ನಾನು ನಿವೃತ್ತನಾಗಿ ಜಿಲ್ಲಾ ಕೇಂದ್ರದ ಹಿರಿಯರ ಮನೆಗೆ ಮರಳಿದ ಮೇಲೆ ಆ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೆನು. ನನ್ನ ಮಗನು ನಡೆಸುತ್ತಿದ್ದ ಮುದ್ರಣಾಲಯವು ಸಾಲದಲ್ಲಿ ಮುಳುಗಿದಾಗ, ವಾಸಕ್ಕೆ ಬೇಕಿಲ್ಲದ ಆ ಮನೆಯನ್ನು ಮಾರುವುದೆಂದು ನಿಶ್ಚಯವಾಯಿತು.

2024ರ ಆಗಸ್ಟಿನಲ್ಲಿ ದಲ್ಲಾಳಿಯೊಬ್ಬನು ಒಬ್ಬ ಗಿರಾಕಿಯನ್ನು ಕರೆತಂದನು. ಬೆಲೆ ನಲವತ್ತೆರಡು ಲಕ್ಷವೆಂದು ಕುದುರಿತು. ಕುದುರಿದ ಮೇಲೆ ದಲ್ಲಾಳಿಯು ತಗ್ಗಿದ ದನಿಯಲ್ಲಿ ಹೇಳಿದನು: "ಮೇಷ್ಟ್ರೆ, ಸರಕಾರದ ಮಾರ್ಗಸೂಚಿ ಬೆಲೆ ಇಪ್ಪತ್ತಾರು ಲಕ್ಷ. ಪತ್ರದಲ್ಲಿ ಅಷ್ಟನ್ನೇ ಕಾಣಿಸೋಣ. ಉಳಿದ ಹದಿನಾರು ಲಕ್ಷ ಹಿಂದಿನ ದಿನವೇ ನಗದಾಗಿ ನಿಮ್ಮ ಮನೆಗೆ ಬರುತ್ತದೆ. ಮೂವತ್ತು ಲಕ್ಷ ಮುಟ್ಟಿದರಲ್ಲವೆ ರಿಜಿಸ್ಟ್ರಾರ್ ಕಚೇರಿಯಿಂದ ತೆರಿಗೆಯವರಿಗೆ ಸುದ್ದಿ ಹೋಗುವುದು? ಇದು ಅದರ ಕೆಳಗೇ ನಿಂತಿತು. ಯಾರಿಗೂ ತಿಳಿಯದು." ಆ ಕಾಲದ ನಿಯಮದಂತೆ ಅವನ ಮಾತು ದಿಟವೇ ಆಗಿದ್ದಿತು. ಸಿಕ್ಕಿಬೀಳುವ ಭಯವು ಇಲ್ಲಿ ಬಹು ಅಲ್ಪ. ಆದುದರಿಂದಲೇ ಪ್ರಶ್ನೆಯು ಶುದ್ಧವಾಗಿ ಧರ್ಮದ ಪ್ರಶ್ನೆಯಾಯಿತು. ದಂಡದ ಭಯದಿಂದ ಆಡುವ ಸತ್ಯಕ್ಕೂ ಕಾವಲುಗಾರನನ್ನು ಕಂಡು ಕದಿಯದೆ ಇರುವುದಕ್ಕೂ ಹೆಚ್ಚಿನ ಅಂತರವಿಲ್ಲ.

ಇನ್ನು ವಿಧಿಯು ಏನು ಹೇಳುತ್ತದೆಯೆಂಬುದನ್ನು ಸಂಕ್ಷೇಪವಾಗಿ ತಿಳಿಯಬೇಕು. ಸ್ಥಿರಾಸ್ತಿಯನ್ನು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರಕ್ಕೆ ಬಂಡವಾಳ ಲಾಭವೆಂದು ಹೆಸರು. ಇದರ ಮೇಲಿನ ತೆರಿಗೆಯು ನಮ್ಮ ದೇಶಕ್ಕೆ ಮೊದಲು ಬಂದುದು 1947ರಲ್ಲಿ, ಲಿಯಾಖತ್ ಅಲಿ ಖಾನರು ಮಂಡಿಸಿದ ಆಯವ್ಯಯದೊಡನೆ. ಕೆಲಕಾಲದಲ್ಲಿಯೇ ಅದನ್ನು ಕೈಬಿಟ್ಟರು. 1956ರಲ್ಲಿ ನಿಕೊಲಾಸ್ ಕಾಲ್ಡರ್ ಎಂಬ ಅರ್ಥಶಾಸ್ತ್ರಜ್ಞರ ವರದಿಯ ತರುವಾಯ ಅದು ಮರಳಿ ಬಂದು ನೆಲೆನಿಂತಿತು. ನಾನು ಮಾರಿದ ವರ್ಷದ ನಿಯಮದಂತೆ, ಇಪ್ಪತ್ತನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ಕೈಯಲ್ಲಿದ್ದ ಮನೆಯ ಲಾಭವು ದೀರ್ಘಾವಧಿಯದು. 2024ರ ಜುಲೈ 23ರಿಂದ ಅದಕ್ಕೆ ನೂರಕ್ಕೆ ಹನ್ನೆರಡೂವರೆಯಂತೆ ತೆರಿಗೆ; ಅದರ ಮೇಲೆ ನೂರಕ್ಕೆ ನಾಲ್ಕರಂತೆ ಉಪಕರ. ಹನ್ನೆರಡೂವರೆಯೆಂದರೆ ಸರಿಯಾಗಿ ಎಂಟನೆಯ ಒಂದು ಪಾಲು. ಇದಲ್ಲದೆ ಸ್ಥಿರಾಸ್ತಿಯ ಮಾರಾಟದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟ ಹಣವನ್ನು ನಗದಾಗಿ ತೆಗೆದುಕೊಳ್ಳಬಾರದೆಂಬ ನಿಷೇಧವು 2015ರ ಜೂನ್ 1ರಿಂದ ಜಾರಿಯಲ್ಲಿದ್ದಿತು. ಮೀರಿದವನಿಗೆ, ತೆಗೆದುಕೊಂಡಷ್ಟೇ ಹಣವು ದಂಡ.

ಈಗ ಪೂರ್ವಪಕ್ಷಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಸ್ವತ್ವದ ವಾದ. "ಮನೆಯು ನನ್ನದು, ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ಹಣದಿಂದ ಕೊಂಡದ್ದು. ಕೊಳ್ಳುವಾಗ ಮುದ್ರಾಂಕ ಶುಲ್ಕ ಕೊಟ್ಟೆ. ವರ್ಷವರ್ಷವೂ ಕಂದಾಯ ಕೊಟ್ಟೆ. ಮಾರುವಾಗ ಇನ್ನಾರಿಗೆ ಏತರ ಪಾಲು?" ಈ ವಾದವು ಮೇಲುನೋಟಕ್ಕೆ ಬಲವಾದುದು. ಆದರೆ ಸ್ವಲ್ಪ ನಿಂತು ನೋಡಿದರೆ, ನಾಲ್ಕು ಲಕ್ಷದ ಮನೆಯು ನಲವತ್ತರ ಹತ್ತಿರಕ್ಕೆ ಬಂದುದರಲ್ಲಿ ನನ್ನ ಕೆಲಸವೆಷ್ಟು? ಗೋಡೆಗಳು ಹಳೆಯವಾಗುತ್ತ ಬಂದವು. ತೊಲೆಯಲ್ಲಿ ಹುಳು ಬಿದ್ದಿತು. ವಸ್ತುವು ಜೀರ್ಣವಾಗುತ್ತಿರಲು ಬೆಲೆಯು ಏರುತ್ತಿದ್ದಿತು. ಏರಿಸಿದುದು ಹೆದ್ದಾರಿ, ಏರಿಸಿದುದು ನೀರಿನ ಕೊಳವೆ, ಏರಿಸಿದುದು ಕಾಲೇಜು. ಅವುಗಳಿಗೆ ಹಣ ಕೊಟ್ಟವರಲ್ಲಿ, ಬೆಂಕಿಪೊಟ್ಟಣಕ್ಕೂ ಸೋಪಿಗೂ ತೆರಿಗೆ ತೆತ್ತ ಕೂಲಿಯಾಳೂ ಸೇರಿದ್ದಾನೆ. ಅವನಿಗೆ ಆ ಬೀದಿಯಲ್ಲಿ ಮನೆಯಿಲ್ಲ. ಅವನ ಕಾಸಿನಿಂದ ನನ್ನ ಮನೆಯ ಬೆಲೆಯು ಬೆಳೆದಿರುವಾಗ, ಬೆಳೆದುದರಲ್ಲಿ ಎಂಟನೆಯ ಒಂದು ಪಾಲು ಮಾತ್ರ ಅವನಿಗೂ ಸೇರಿದ ಬೊಕ್ಕಸಕ್ಕೆ ಮರಳಲೆಂದರೆ ಅನ್ಯಾಯವೆನ್ನಲು ನಾಲಗೆ ಏಳಬಾರದು.

ಇಲ್ಲಿ ನಮ್ಮ ಪ್ರಾಚೀನರ ಒಂದು ಮಾತನ್ನು ಸ್ಮರಿಸುವುದು ಉಚಿತ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ 1905ರಲ್ಲಿ ರುದ್ರಪಟ್ಟಣ ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ವಾಸ್ತುವಿಕ್ರಯವೆಂಬ ಪ್ರಕರಣವಿದೆ. ಮನೆಯನ್ನು ಮಾರುವವನು ಅದರ ಮುಂದೆ ನಿಂತು, ನೆರೆಹೊರೆಯ ಮನೆತನದವರೂ ಗ್ರಾಮವೃದ್ಧರೂ ಕೇಳುತ್ತಿರುವಂತೆ, ಎಲ್ಲೆಯನ್ನೂ ಬೆಲೆಯನ್ನೂ ಸಾರಬೇಕು. ಮೂರು ಬಾರಿ ಸಾರಿದ ಮೇಲೆ ಯಾರೂ ಅಡ್ಡಿಮಾಡದಿದ್ದರೆ ಕೊಳ್ಳುವವನು ಕೊಳ್ಳಬಹುದು. ಕೊಳ್ಳುವವರ ಪೈಪೋಟಿಯಿಂದ ಬೆಲೆಯು ಏರಿದರೆ, ಏರಿದ ಆ ಭಾಗವು ಶುಲ್ಕದೊಡನೆ ಕೋಶಕ್ಕೆ ಹೋಗಬೇಕು. ಇದು ಅಲ್ಲಿಯ ವಿಧಿ. ಆ ಏರಿಕೆಗೆ ಅವನು ಕೊಟ್ಟ ಹೆಸರೇ ಮೂಲ್ಯವೃದ್ಧಿ. ಅವನು ಹೇಳುವುದು ಸಾರಿದ ಬೆಲೆಯ ಮೇಲೆ ಪೈಪೋಟಿಯಿಂದ ಆದ ಏರಿಕೆಯನ್ನು. ನಾವು ಹೇಳುತ್ತಿರುವುದು ವರ್ಷಗಳ ಮೇಲೆ ಆದ ಏರಿಕೆಯನ್ನು. ಎರಡೂ ಒಂದೇ ಅಲ್ಲವೆಂಬುದನ್ನು ಒಪ್ಪಬೇಕು. ಆದರೂ ಎರಡರ ಹಿಂದಿರುವ ನ್ಯಾಯವು ಒಂದೇ: ಒಡೆಯನ ದುಡಿಮೆಯಿಲ್ಲದೆ, ಊರವರ ಬೇಡಿಕೆಯಿಂದ ಹುಟ್ಟಿದ ಬೆಲೆಯಲ್ಲಿ ಊರಿಗೆ ಪಾಲುಂಟು. ಕೌಟಿಲ್ಯನು ಏರಿಕೆಯನ್ನೆಲ್ಲ ತೆಗೆದುಕೊಂಡನು. ಇಂದಿನ ಸರಕಾರವು ಅಷ್ಟಮಾಂಶಕ್ಕೆ ತೃಪ್ತಿಪಟ್ಟಿದೆ. ಮನುಸ್ಮೃತಿಯ ಏಳನೆಯ ಅಧ್ಯಾಯವು ಬೆವರು ಸುರಿಸಿ ಬೆಳೆದ ಧಾನ್ಯದಲ್ಲಿಯೇ ರಾಜನಿಗೆ ಆರನೆಯ, ಎಂಟನೆಯ ಅಥವಾ ಹನ್ನೆರಡನೆಯ ಪಾಲನ್ನು ಹೇಳಿರುವಾಗ, ಬೆವರಿಲ್ಲದೆ ಬೆಳೆದ ಬೆಲೆಯಲ್ಲಿ ಎಂಟನೆಯದು ಅತಿಯೆನ್ನುವುದು ಹೇಗೆ?

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಸೂಕ್ಷ್ಮ. "ನೀವು ಲಾಭವೆಂದು ಕರೆಯುವುದು ಲಾಭವೇ ಅಲ್ಲ. ರೂಪಾಯಿಯ ಶಕ್ತಿಯು ಕುಗ್ಗಿತು. ಆದಕಾರಣ ಅಂಕಿಯು ಹಿಗ್ಗಿತು." ಇದರಲ್ಲಿ ಸತ್ಯಾಂಶವಿದೆ. ಸರಕಾರವೇ ಪ್ರಕಟಿಸುವ ಬೆಲೆಯೇರಿಕೆಯ ಸೂಚ್ಯಂಕವು 2001-02ರಲ್ಲಿ 100 ಇದ್ದುದು 2024-25ಕ್ಕೆ 363 ಆಯಿತು. ಎಂದರೆ ನನ್ನ ನಾಲ್ಕು ಲಕ್ಷವು ಆ ಲೆಕ್ಕದಲ್ಲಿ 14,52,000ಕ್ಕೆ ಸಮ. ಅಷ್ಟರವರೆಗಿನ ಏರಿಕೆಯು ಲಾಭವಲ್ಲ, ನೆರಳು ಮಾತ್ರ. 1992ರ ಆಯವ್ಯಯದಿಂದ ಮೊದಲ್ಗೊಂಡು ವಿಧಿಯು ಈ ನ್ಯಾಯವನ್ನು ಒಪ್ಪಿ, ಕೊಂಡ ಬೆಲೆಯನ್ನು ಸೂಚ್ಯಂಕದಂತೆ ಹೆಚ್ಚಿಸಿಕೊಳ್ಳಲು ಬಿಟ್ಟಿತ್ತು. 2024ರಲ್ಲಿ ಆ ಸೌಕರ್ಯವನ್ನು ತೆಗೆದು, ಪ್ರತಿಯಾಗಿ ನೂರಕ್ಕೆ ಇಪ್ಪತ್ತು ಇದ್ದ ದರವನ್ನು ಹನ್ನೆರಡೂವರೆಗೆ ಇಳಿಸಿದರು. ಜನರು ಆಕ್ಷೇಪಿಸಿದರು. ಆಕ್ಷೇಪಣೆಯ ಫಲವಾಗಿ, ಆ ಜುಲೈ 23ಕ್ಕೆ ಮೊದಲೇ ಕೊಂಡ ಭೂಮಿ ಮತ್ತು ಕಟ್ಟಡಗಳ ವಿಷಯದಲ್ಲಿ, ದೇಶದಲ್ಲಿ ನೆಲಸಿದ ಗೃಹಸ್ಥರಿಗೂ ಅವಿಭಕ್ತ ಕುಟುಂಬಗಳಿಗೂ ಎರಡು ಲೆಕ್ಕಗಳಲ್ಲಿ ಯಾವುದು ಕಡಿಮೆಯೋ ಅದನ್ನು ಕೊಡುವ ಅವಕಾಶವನ್ನು ಉಳಿಸಿದರು. ಇದರಿಂದ ಕಲಿಯತಕ್ಕದ್ದು ಇಷ್ಟು: ಲೆಕ್ಕವು ಅನ್ಯಾಯವಾಗಿದ್ದರೆ ಬಹಿರಂಗವಾಗಿ ವಾದಿಸಬಹುದು, ವಾದಿಸಿದರೆ ಕೆಲವೊಮ್ಮೆ ಫಲವೂ ಉಂಟು. ತಕ್ಕಡಿಯು ತಪ್ಪಾಗಿದೆಯೆಂದು ಸಂತೆಯಲ್ಲಿ ಕೂಗಿ ಹೇಳುವವನು ಸಜ್ಜನ. ತಕ್ಕಡಿ ತಪ್ಪಾಗಿದೆಯೆಂದು ಮೂಟೆಯನ್ನು ಕತ್ತಲೆಯಲ್ಲಿ ಸಾಗಿಸುವವನು ಬೇರೆ ಜಾತಿಯವನು.

ಮೂರನೆಯದು ಎಲ್ಲರ ಬಾಯಲ್ಲಿಯೂ ಇರತಕ್ಕದ್ದು. "ಕೊಟ್ಟ ಹಣವನ್ನು ಅಧಿಕಾರಿಗಳೂ ಗುತ್ತಿಗೆದಾರರೂ ತಿನ್ನುತ್ತಾರೆ. ಕಳ್ಳರಿಗೆ ಕೊಡುವುದಕ್ಕಿಂತ ಮಕ್ಕಳಿಗೆ ಕೊಡುವುದು ಲೇಸು." ತಿನ್ನುವವರಿದ್ದಾರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಶಾಲೆಯ ಮಾಡು ಕಟ್ಟಿದ ಮೂರನೆಯ ಮಳೆಗೇ ಸೋರಿದ್ದನ್ನು ಕಂಡವನು ನಾನು. ಆದರೆ ರಾಜದ್ರವ್ಯವನ್ನು ಅಪಹರಿಸುವ ನಲವತ್ತು ಉಪಾಯಗಳನ್ನು ಎಣಿಸಿ ಪಟ್ಟಿಮಾಡಿದ ಕೌಟಿಲ್ಯನೂ, ಅದರಿಂದ ಪ್ರಜೆಗಳು ಕರವನ್ನು ಬಚ್ಚಿಡಬಹುದೆಂದು ತೀರ್ಮಾನಿಸಲಿಲ್ಲ. ಅಪಹರಿಸಿದವನನ್ನು ದಂಡಿಸಬೇಕೆಂದು ತೀರ್ಮಾನಿಸಿದನು. ರಘುವಂಶದ ಮೊದಲ ಸರ್ಗದಲ್ಲಿ ಕಾಳಿದಾಸನು ದಿಲೀಪನ ಕರವನ್ನು ಸೂರ್ಯನು ಹೀರುವ ನೀರಿಗೆ ಹೋಲಿಸಿದ್ದಾನೆ: ಹೀರುವುದು ಹಲವು ಮಡಿಯಾಗಿ ಮಳೆಗರೆಯುವುದಕ್ಕೆ. ಇಂದು ಮಳೆಯು ಹೀರಿದಷ್ಟು ಬೀಳುತ್ತಿಲ್ಲವೆನ್ನೋಣ. ಅದಕ್ಕೆ ಪ್ರತೀಕಾರವಾಗಿ ನಾವೆಲ್ಲರೂ ಕೆರೆಗೆ ಮುಚ್ಚಳ ಹಾಕಿದರೆ ಬೀಳುತ್ತಿದ್ದ ಹನಿಯೂ ನಿಲ್ಲುವುದು. ಮೇಲಾಗಿ, ತನ್ನ ಪಾಲನ್ನು ಕೊಟ್ಟವನಿಗೆ ಲೆಕ್ಕ ಕೇಳುವ ಬಾಯಿರುತ್ತದೆ. ಬಚ್ಚಿಟ್ಟವನು ಕೇಳಲು ಹೋದರೆ ತನ್ನ ಹೆಗಲನ್ನೇ ತಾನು ಮುಟ್ಟಿ ನೋಡಿಕೊಳ್ಳಬೇಕಾಗುತ್ತದೆ.

ನಾಲ್ಕನೆಯದು ಲೋಕಾಚಾರದ ವಾದ. "ಎಲ್ಲರೂ ಹೀಗೆಯೇ ಮಾಡುತ್ತಾರೆ, ಇದು ಊರಿನ ರೂಢಿ. ರೂಢಿಯೂ ಪ್ರಮಾಣವಲ್ಲವೆ?" ಪಾಠಶಾಲೆಯಲ್ಲಿ ಓದಿದವನಿಗೆ ಈ ವಾದವು ಸ್ವಲ್ಪ ತೊಡಕನ್ನು ತರುತ್ತದೆ, ಏಕೆಂದರೆ ಧರ್ಮಕ್ಕೆ ಆಚಾರವೂ ಒಂದು ಮೂಲವೆಂದು ಓದಿದ್ದೇವೆ. ಆದರೆ ಪ್ರಮಾಣವೆಂದು ಹೇಳಿರುವುದು ಶಿಷ್ಟರ ಆಚಾರವನ್ನು. ಬಹುಜನರು ಮಾಡಿದ್ದೆಲ್ಲ ಆಚಾರವಾಗದು. ಶಿಷ್ಟಾಚಾರವನ್ನು ಗುರುತಿಸಲು ನನಗೆ ತೋರುವ ಒಂದು ಸುಲಭವಾದ ಒರೆಗಲ್ಲು ಇದು: ಅದನ್ನು ನಾಲ್ಕು ಜನರ ಮುಂದೆ ಮಾಡಬಲ್ಲೆವೆ? ಕೌಟಿಲ್ಯನ ಕಾಲದ ಮಾರಾಟಗಾರನು ನೆರೆಯವರ ಮುಂದೆ ಕೂಗಿ ಬೆಲೆ ಹೇಳಿದನು. ನನ್ನ ದಲ್ಲಾಳಿಯು, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ, ದನಿಯನ್ನು ತಗ್ಗಿಸಿದನು. ನಗದು ಹಣವು ಚೀಲದಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೈಬದಲಾಗುತ್ತದೆ. ಮಾಡುವವರೇ ಅದನ್ನು ಆಚಾರವೆಂದು ನಂಬಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಐದನೆಯವರು ಹೇಳುವರು: "ಹೇಳದಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಮೌನದಿಂದ ಯಾರಿಗೆ ನಷ್ಟ?" ಇದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದಾಗಿ, ಇಲ್ಲಿ ಮೌನವೆಂಬುದೇ ಇಲ್ಲ. ಕ್ರಯಪತ್ರದಲ್ಲಿ, ಇಂತಿಷ್ಟು ರೂಪಾಯಿಗಳನ್ನು ಪೂರ್ಣವಾಗಿ ಪಡೆದಿದ್ದೇನೆ ಎಂದು ಸಾಕ್ಷಿಗಳ ಎದುರಿಗೆ ರುಜು ಹಾಕುತ್ತೇವೆ. ತೆರಿಗೆಯ ವಿವರಣಪತ್ರದ ಕೊನೆಯಲ್ಲಿ, ಮೇಲೆ ಬರೆದುದೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ನಿಜವೆಂದು ಪ್ರಮಾಣ ಮಾಡುತ್ತೇವೆ. ಎರಡು ಕಡೆಯೂ ಬಾಯಿ ಬಿಟ್ಟು ಆಡಿದ ಸುಳ್ಳು ಅದು. ಎರಡನೆಯದಾಗಿ, ನಷ್ಟವು ಯಾರಿಗೆಂಬುದನ್ನು ಹುಡುಕಿ ನೋಡಿದರೆ ಕಾಣುತ್ತದೆ. ಇಪ್ಪತ್ತಾರು ಲಕ್ಷಕ್ಕೆ ಪತ್ರ ಮಾಡಿಸಿಕೊಂಡವನು ಮುಂದೊಂದು ದಿನ ಮಾರುವಾಗ, ಅವನು ಕೊಂಡ ಬೆಲೆ ಇಪ್ಪತ್ತಾರು ಲಕ್ಷವೆಂದೇ ಲೆಕ್ಕ. ನಾನು ಬಚ್ಚಿಟ್ಟ ಹದಿನಾರು ಲಕ್ಷದ ಲಾಭವು ಅವನ ತಲೆಗೆ ಬರುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಅವನೂ ಸುಳ್ಳು ಬರೆಯಿಸಬೇಕು. ಹೀಗೆ ಒಂದು ಮನೆಯೊಡನೆ ಒಂದು ಸುಳ್ಳೂ ಒಡೆಯನಿಂದ ಒಡೆಯನಿಗೆ ದಾಟುತ್ತ ಹೋಗುತ್ತದೆ.

ಇನ್ನೊಂದು ನಷ್ಟವು ಇದಕ್ಕಿಂತ ಘೋರವಾದುದು, ನಾನು ಬಹುಕಾಲ ಅರಿಯದೆ ಇದ್ದುದು. ರಸ್ತೆಗೋ ಕಾಲುವೆಗೋ ಸರಕಾರವು ರೈತನ ಭೂಮಿಯನ್ನು ತೆಗೆದುಕೊಳ್ಳುವಾಗ ಪರಿಹಾರವನ್ನು ನಿಶ್ಚಯಿಸುವ ಕ್ರಮವನ್ನು 2013ರ ಭೂಸ್ವಾಧೀನ ಕಾಯಿದೆಯು ಹೇಳಿದೆ. ಹತ್ತಿರದಲ್ಲಿ ಹಿಂದಿನ ಮೂರು ವರ್ಷಗಳಲ್ಲಿ ನೋಂದಣಿಯಾದ, ಅಂಥದೇ ಭೂಮಿಯ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ಆರಿಸಿ, ಅವುಗಳ ಸರಾಸರಿಯನ್ನು ನೋಡುತ್ತಾರೆ. ಅದನ್ನು ಮುದ್ರಾಂಕ ಶುಲ್ಕಕ್ಕಾಗಿ ಗೊತ್ತುಮಾಡಿದ ಬೆಲೆಯೊಡನೆ ಹೋಲಿಸಿ ಹೆಚ್ಚಿನದನ್ನು ಹಿಡಿಯುತ್ತಾರೆ. ಈಗ ಯೋಚಿಸಿರಿ. ಆ ಸುತ್ತಿನಲ್ಲಿ ಭೂಮಿ ಮಾರಿದವರೆಲ್ಲ ಪತ್ರದಲ್ಲಿ ಅರ್ಧ ಬೆಲೆಯನ್ನೇ ಬರೆಯಿಸಿದ್ದರೆ, ಮಾರಲು ಇಚ್ಛೆಯೇ ಇಲ್ಲದೆ ಭೂಮಿಯನ್ನು ಕಳೆದುಕೊಳ್ಳುವ ರೈತನಿಗೆ ದೊರೆಯುವ ಪರಿಹಾರಕ್ಕೆ ಆಧಾರವೂ ಆ ಅರ್ಧವೇ. ಮಾರಿದವರು ನಗದನ್ನು ಪೆಟ್ಟಿಗೆಯಲ್ಲಿಟ್ಟರು. ಅದರ ಕೊರತೆಯನ್ನು ತೆತ್ತವನು, ಅವರು ಮುಖವನ್ನೇ ಕಾಣದ ಒಬ್ಬ ಒಕ್ಕಲಿಗ. ಯಾರಿಗೂ ನಷ್ಟವಿಲ್ಲವೆಂಬ ಮಾತು ಇಲ್ಲಿ ಮುರಿದುಬೀಳುತ್ತದೆ.

ಇಲ್ಲಿ ಒಂದು ಭೇದವನ್ನು ಹೇಳದಿದ್ದರೆ ಕೆಲವರು ತಪ್ಪು ತಿಳಿದಾರು. ತೆರಿಗೆಯನ್ನು ಕಡಿಮೆ ಮಾಡಿಕೊಳ್ಳುವುದೆಲ್ಲ ಅಧರ್ಮವೆಂದು ನನ್ನ ಅಭಿಪ್ರಾಯವಲ್ಲ. ಮಾರಿದ ಮನೆಯ ಲಾಭದಿಂದ ಎರಡು ವರ್ಷದೊಳಗೆ ಇನ್ನೊಂದು ವಾಸದ ಮನೆಯನ್ನು ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿದರೆ, ಆ ಮಟ್ಟಿಗೆ ತೆರಿಗೆಯಿಲ್ಲ. ಆರು ತಿಂಗಳೊಳಗೆ ಗೊತ್ತಾದ ಸಂಸ್ಥೆಗಳ ಸಾಲಪತ್ರಗಳಲ್ಲಿ, ಐವತ್ತು ಲಕ್ಷದ ಮಿತಿಯಲ್ಲಿ, ಐದು ವರ್ಷ ಇಟ್ಟರೂ ವಿನಾಯಿತಿಯುಂಟು. ನಾನು ಮಾರಿದಾಗ ಇದ್ದ ಈ ದಾರಿಗಳು ವಿಧಿಯೇ ತೆರೆದಿಟ್ಟ ಬಾಗಿಲುಗಳು. ಅವುಗಳಿಂದ ಹೋಗುವವನು ತನ್ನ ಹೆಸರನ್ನು ಹೇಳಿಯೇ ಹೋಗುತ್ತಾನೆ. ಗೋಡೆಗೆ ಕನ್ನ ಕೊರೆದು ಹೋಗುವವನನ್ನು ಅವನೊಡನೆ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ನನಗಾದರೋ ಹಣವು ಸಾಲಕ್ಕೆ ಬೇಕಾಗಿದ್ದುದರಿಂದ ಆ ಬಾಗಿಲುಗಳು ಉಪಯೋಗಕ್ಕೆ ಬರಲಿಲ್ಲ.

ಈ ವಾದಗಳನ್ನೆಲ್ಲ ಮನಸ್ಸಿನಲ್ಲಿ ಹೊರಳಿಸಿ ದಲ್ಲಾಳಿಗೆ ಆಗದೆಂದು ಹೇಳಿದೆನು. ಗಿರಾಕಿಯು ಪೂರ್ಣ ಬೆಲೆಗೆ ಪತ್ರ ಮಾಡಿಸಿಕೊಳ್ಳಲು ಒಪ್ಪದೆ ಹೊರಟುಹೋದನು. ಐದು ತಿಂಗಳು ಮನೆಯು ಹಾಗೆಯೇ ಉಳಿಯಿತು. 2025ರ ಜನವರಿಯಲ್ಲಿ, ಬ್ಯಾಂಕಿನ ಸಾಲದಿಂದ ಕೊಳ್ಳುವ ಸಂಬಳದಾರರೊಬ್ಬರು ಬಂದರು. ಸಾಲವು ಪತ್ರದ ಬೆಲೆಯನ್ನು ನೋಡಿಯೇ ದೊರೆಯತಕ್ಕದ್ದಾದುದರಿಂದ ಅವರಿಗೂ ನಿಜವಾದ ಬೆಲೆಯೇ ಬೇಕಾಗಿದ್ದಿತು. ಅವರ ಕೈಗೆ ಎಟುಕಿದುದು ಮೂವತ್ತೆಂಟು ಲಕ್ಷ. ಅಷ್ಟಕ್ಕೇ ಕೊಟ್ಟೆನು. ಲಾಭ ಮೂವತ್ತನಾಲ್ಕು ಲಕ್ಷ, ತೆರಿಗೆ 4,25,000, ಉಪಕರ 17,000, ಒಟ್ಟು 4,42,000. ಸೂಚ್ಯಂಕದ ಹಳೆಯ ಲೆಕ್ಕದಲ್ಲಿ ತೆರಿಗೆಯೇ 4,69,600 ಆಗುತ್ತಿದ್ದುದರಿಂದ ಹೊಸದೇ ನನಗೆ ಲೇಸಾಯಿತು.

ವಿವರಣಪತ್ರವನ್ನು ಸಿದ್ಧಪಡಿಸುವಾಗ ಇನ್ನೊಂದು ಚಿಕ್ಕ ಪರೀಕ್ಷೆಯು ಬಂದಿತು. ಅದು ಮೊದಲನೆಯದಕ್ಕಿಂತ ನನ್ನನ್ನು ಹೆಚ್ಚು ಕಾಡಿತು. 2009ರಲ್ಲಿ ಆ ಮನೆಗೆ ಒಂದು ಕೋಣೆಯನ್ನೂ ಸುತ್ತುಗೋಡೆಯನ್ನೂ ಕಟ್ಟಿಸಿ ಸುಮಾರು ಒಂದೂವರೆ ಲಕ್ಷ ಖರ್ಚು ಮಾಡಿದ್ದೆನು. ಇಂಥ ವೆಚ್ಚವನ್ನು ಲಾಭದಿಂದ ಕಳೆಯಲು ವಿಧಿಯು ಬಿಡುತ್ತದೆ. ಆದರೆ ಮೇಸ್ತ್ರಿಗೆ ಕೈಯಿಂದ ಕೈಗೆ ಕೊಟ್ಟ ಹಣ, ಒಂದು ಚೀಟಿಯೂ ಇಲ್ಲ, ಮೇಸ್ತ್ರಿಯೂ ತೀರಿಹೋಗಿದ್ದನು. ಲೆಕ್ಕ ಬರೆಯುತ್ತಿದ್ದ ಹುಡುಗನು ಒಳ್ಳೆಯ ಮನಸ್ಸಿನಿಂದಲೇ ಹೇಳಿದನು: "ಮೇಷ್ಟ್ರೆ, ಖರ್ಚು ಮಾಡಿದ್ದು ನಿಜ ತಾನೆ? ಹಳೆಯ ತಾರೀಖು ಹಾಕಿ ಯಾರಾದರೂ ಕಂಟ್ರಾಕ್ಟರ ಕೈಲಿ ಒಂದು ಬಿಲ್ಲು ಮಾಡಿಸೋಣ." ಪ್ರಮೇಯವು ಸತ್ಯ, ಪ್ರಮಾಣವು ಮಾತ್ರ ಕೃತಕ. ಇದು ಸುಳ್ಳೋ ಸತ್ಯವೋ? ಎರಡು ದಿನ ಯೋಚಿಸಿದೆನು. ಕೊನೆಗೆ ತೋರಿದುದು ಇದು. ವೆಚ್ಚದ ವಿಷಯದಲ್ಲಿ ನಾನು ಸುಳ್ಳಾಡುವುದಿಲ್ಲವಾದರೂ, ಆ ಕಾಗದವು ತನ್ನನ್ನು ಕುರಿತು ಸುಳ್ಳಾಡುತ್ತದೆ. ನಾನು ಮಾಡದ ಒಬ್ಬನು, ಮಾಡಿದೆನೆಂದು ಬರೆದುಕೊಡಬೇಕಾಗುತ್ತದೆ. ನನ್ನ ನ್ಯಾಯವಾದ ಹಕ್ಕಿಗಾಗಿ ಇನ್ನೊಬ್ಬನ ಕೈಯಲ್ಲಿ ಸುಳ್ಳು ಬರೆಯಿಸುವುದು ಯಾವ ನ್ಯಾಯ? ಚೀಟಿಯನ್ನು ಇಟ್ಟುಕೊಳ್ಳದ ಅಜಾಗರೂಕತೆಯು ನನ್ನದು. ಅದಕ್ಕೂ ಒಂದು ಬೆಲೆಯುಂಟು. ಅದನ್ನು ತೆತ್ತೆನು. ಮನೆ ರಿಪೇರಿ ಮಾಡಿಸುವ ವಾಚಕರು ಚೀಟಿಗಳನ್ನು ಇಟ್ಟುಕೊಂಡಿರಲೆಂಬುದು ಈ ಲೇಖನದಲ್ಲಿ ಅವರಿಗೆ ನಿಶ್ಚಯವಾಗಿ ಉಪಯೋಗಕ್ಕೆ ಬರುವ ಒಂದು ಮಾತು.

ಕೊನೆಯ ಪೂರ್ವಪಕ್ಷವನ್ನು ಹೇಳಿದವನು ನನ್ನ ಮಗ. ಅದನ್ನು ಕಡೆಗೆ ಉಳಿಸಿಕೊಂಡದ್ದು, ಅದಕ್ಕೆ ನನ್ನಲ್ಲಿರುವ ಉತ್ತರವು ಉಳಿದವುಗಳಷ್ಟು ಗಟ್ಟಿಯಲ್ಲವಾದುದರಿಂದ. ಅವನು ಕಾಗದವೊಂದರ ಮೇಲೆ ಲೆಕ್ಕ ಹಾಕಿ ತಂದನು. ಮೊದಲ ಗಿರಾಕಿಯ ದಾರಿಯಲ್ಲಿ, ಪತ್ರದ ಬೆಲೆಯ ಮೇಲಿನ ತೆರಿಗೆ 2,38,784 ಕಳೆದು, ಕೈಯಲ್ಲಿ ಉಳಿಯುತ್ತಿದ್ದುದು 39,61,216. ನನ್ನ ದಾರಿಯಲ್ಲಿ ಉಳಿದದ್ದು 33,58,000. ಅಂತರ 6,03,216. "ಅಪ್ಪ, ನೀವು ಸತ್ಯ ಹೇಳಿದಿರಿ, ಸರಿ. ಅದರ ಬಡ್ಡಿ ಕಟ್ಟುತ್ತಿರುವವನು ನಾನು. ಬೇರೆಯವರ ಜೇಬಿನಿಂದ ತೆತ್ತು ಸತ್ಯ ಹೇಳಬಹುದೆ?" ಎಂದು ಕೇಳಿದನು. ಹರಿಶ್ಚಂದ್ರನ ಕಥೆಯಲ್ಲಿಯೂ, ಮಾರಾಟವಾದವರು ಹೆಂಡತಿ ಮಕ್ಕಳು ಎಂಬುದು ಆ ದಿನ ನನಗೆ ಹೊಸದಾಗಿ ನೆನಪಾಯಿತು. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪಾಠ ಹೇಳಿದರೂ ಲೋಹಿತಾಶ್ವನ ಕಡೆಯಿಂದ ನಾನು ಆ ಕಥೆಯನ್ನು ಓದಿರಲಿಲ್ಲ.

ನನ್ನ ಉತ್ತರವು ಹೀಗೆ. ಆ 6,03,216ರಲ್ಲಿ ತೆರಿಗೆಯ ಅಂತರವು 2,03,216 ಮಾತ್ರ. ಉಳಿದ ನಾಲ್ಕು ಲಕ್ಷವು ಬೆಲೆಯ ಅಂತರ. ಮೊದಲ ಗಿರಾಕಿಯು ಇತರರಿಗಿಂತ ಹೆಚ್ಚು ಕೊಡಲು ಸಿದ್ಧನಾದುದೇಕೆ? ನನ್ನ ಮನೆಯ ಮೇಲಿನ ಮೋಹದಿಂದಲ್ಲ. ಲೆಕ್ಕಕ್ಕೆ ಬಾರದ ಹದಿನಾರು ಲಕ್ಷವನ್ನು ಎಲ್ಲಿಯಾದರೂ ಇಟ್ಟಿಗೆ ಗಾರೆಗಳ ನಡುವೆ ಬಚ್ಚಿಡಬೇಕಾಗಿದ್ದಿತು. ಮೇಲಾಗಿ ಮುದ್ರಾಂಕ ಶುಲ್ಕ ಮತ್ತು ನೋಂದಣಿಯಲ್ಲಿ ಒಂದು ಲಕ್ಷಕ್ಕೆ ಮಿಕ್ಕಿ ಉಳಿತಾಯವಾಗುತ್ತಿದ್ದಿತು. ಆ ನಾಲ್ಕು ಲಕ್ಷವು ಮನೆಯ ಬೆಲೆಯಲ್ಲ, ಬಚ್ಚಿಟ್ಟುಕೊಡುವುದರ ಕೂಲಿ. ಆ ಕೂಲಿಯನ್ನು ನನ್ನ ಮಗನಿಗೆ ಸಲ್ಲತಕ್ಕ ಹಣವೆಂದು ನಾನು ಎಣಿಸಲಾರೆ. ಅದು ನಮ್ಮದಾಗಿರಲೇ ಇಲ್ಲ, ಆದುದರಿಂದ ನಾನು ಕಳೆದುದೂ ಇಲ್ಲ. 2,03,216 ಕೂಡ ಹಾಗೆಯೇ, ಮೊದಲನೆಯ ಸಮಾಧಾನದಲ್ಲಿ ಹೇಳಿದಂತೆ, ಊರಿನ ಪಾಲು.

ತರ್ಕದಲ್ಲಿ ಇದು ನಿಲ್ಲುತ್ತದೆಯೆಂದು ನಂಬಿದ್ದೇನೆ. ಆದರೆ ತರ್ಕವು ನಿಂತಿತೆಂದು ಬಡ್ಡಿಯು ನಿಲ್ಲಲಿಲ್ಲ. ಮುದ್ರಣಾಲಯದ ಒಂದು ಯಂತ್ರವನ್ನು ಮಾರಬೇಕಾಯಿತು. ಕೆಲವು ತಿಂಗಳು ಮಗನು ನನ್ನೊಡನೆ ಬೇಕಾದಷ್ಟು ಮಾತ್ರ ಮಾತನಾಡಿದನು. ಆ ದಿನಗಳಲ್ಲಿ ನನ್ನನ್ನು ನಾನೇ ಕೇಳಿಕೊಂಡ ಒಂದು ಪ್ರಶ್ನೆಯುಂಟು: ನಾನು ಕಾಪಾಡಿಕೊಂಡದ್ದು ಸತ್ಯವನ್ನೋ, ಸತ್ಯವಂತನೆಂಬ ಅಭಿಮಾನವನ್ನೋ? ಎರಡೂ ಒಂದೇ ಬಣ್ಣದ ಬಟ್ಟೆಯುಟ್ಟು ಬರುತ್ತವೆ; ಉಟ್ಟವನಿಗೇ ಗುರುತು ಸಿಕ್ಕುವುದು ಕಷ್ಟ. ನಿರ್ಣಯವನ್ನು ಮಾಡುವುದಕ್ಕೆ ಮೊದಲೇ ಮಗನನ್ನು ಕೂರಿಸಿಕೊಂಡು ಈ ಲೆಕ್ಕವನ್ನೆಲ್ಲ ತೋರಿಸಿದ್ದರೆ, ಅವನು ನೊಂದರೂ ಜೊತೆಗಿರುತ್ತಿದ್ದನೋ ಏನೋ. ಹೇಳದೆ ಮಾಡಿದೆನು, ಅದು ನನ್ನ ತಪ್ಪು. ಸರಕಾರದ ಮುಂದೆ ಎಲ್ಲವನ್ನೂ ತೆರೆದಿಟ್ಟವನು ಮಗನ ಮುಂದೆ ತೆರೆದಿಡಲಿಲ್ಲ. ಸತ್ಯವನ್ನು ಹೇಳುವವನಿಗೆ, ಅದರ ಬೆಲೆಯನ್ನು ತೆರತಕ್ಕವರಿಗೆ ಮುಂಚಿತವಾಗಿ ತಿಳಿಸುವುದೂ ಸತ್ಯದ ಒಂದು ಅಂಗವೆಂದು ಈಗ ತೋರುತ್ತದೆ.

ಈಚೆಗೆ ಮಗನು ಒಂದು ಚಿಕ್ಕ ಜಾಗವನ್ನು ಕೊಳ್ಳಲು ವಿಚಾರಿಸುತ್ತಿದ್ದಾನೆ. ಮೊನ್ನೆ ಯಾರೊಡನೆಯೋ ದೂರವಾಣಿಯಲ್ಲಿ ಮಾತನಾಡುತ್ತ, "ಪತ್ರದಲ್ಲಿ ಪೂರ್ತಿ ಬೆಲೆಯನ್ನೇ ಹಾಕಿಸಬೇಕು, ಇಲ್ಲದಿದ್ದರೆ ಬೇಡ" ಎಂದದ್ದು ಒಳಗೆ ಕುಳಿತಿದ್ದ ನನ್ನ ಕಿವಿಗೆ ಬಿದ್ದಿತು. ಬ್ಯಾಂಕಿನ ಸಾಲಕ್ಕಾಗಿ ಹಾಗೆಂದನೋ, ಬೇರೆ ಕಾರಣಕ್ಕೋ ನಾನು ಕೇಳಲಿಲ್ಲ.